ಗಾಂಜಾದಂಥ ಎಲೆ

ಕಮಲಾಪುರದ ಒಂದು ತೊಗರಿ ಹೊಲದ ಬದುವಿನ ಮೇಲೆ, ಬಾವಿಗೆ ಬೆನ್ನು ಮಾಡಿ ನಾನು ನಿಂತಿದ್ದೆ. ಹೋದ ವರ್ಷ, ದೀಪಾವಳಿಗೆ ಮುಂಚಿನ ಒಂದು ಬೆಳಗ್ಗೆ. ಎದುರಿಗೆ ನಮ್ಮ ಸಸ್ಯಶಾಸ್ತ್ರದ ಮೇಡಂ. ಅವರ ಹೆಬ್ಬೆರಳಿಗೆ ಮುಳ್ಳು ಗೀರಿ ರಕ್ತ ಜಿನುಗಿತ್ತು; ಉಗುರೆಲ್ಲ ಹಸಿರು.

ಎಲೆ ಕಂಡರೆ ಹಿಸುಕಿ ಮೂಸುವುದು ಅವರ ಚಾಳಿ. ಕಲಬುರಗಿಯ ಕಾಲೇಜಿನಲ್ಲಿ ನಮಗೆ ಗಿಡಗಳ ಲ್ಯಾಟಿನ್ ಹೆಸರು ಬಿಡಿಸಿ ಹೇಳುತ್ತಿದ್ದರು. ಪಲ್ಯಕ್ಕೆ ಬಳಸುವ ಹುಳಿಸೊಪ್ಪು ಪುಂಡಿಯ ಹೆಸರಿನ ಅರ್ಥ ‘ಗಾಂಜಾದಂಥದು’ ಎಂದಾಗ ತರಗತಿಯೆಲ್ಲ ನಕ್ಕಿತ್ತು.

“ನಗಬ್ಯಾಡ್ರಿ. ‘ಅಂಥದು’ ಅಂದ್ರ ಅರ್ಧಾ ಮಾತು. ಎಲಿ ಹಂಗದ, ಗಿಡ ಹಂಗಿಲ್ಲ. ಎರಡೂ ಬರದ್ರನ ಮಾರ್ಕ್ಸ್.”

ಆ ಬೆಳಗ್ಗೆ ಅದೇ ಅರ್ಧ ಮಾತು ನನ್ನ ಸಹಪಾಠಿಯ ಕುತ್ತಿಗೆಗೆ ಬಂದಿತ್ತು. ನಮ್ಮ ಕಡೆ ತೊಗರಿ ಸಾಲಿನ ನಡುವೆ ಪುಂಡಿ ಬಿತ್ತುತ್ತಾರೆ. ಕದ್ದು ಗಾಂಜಾ ಬೆಳೆಯುವವರೂ ಅಲ್ಲೇ ಬೆಳೆಯುತ್ತಾರೆ. ನಾವು ನಿಂತಿದ್ದ ಹೊಲ ಅವನದು, ಅದರಲ್ಲಿದ್ದದ್ದು ಪುಂಡಿ. ದೂರದ ಜಿಲ್ಲೆಯಿಂದ ಹೊಸದಾಗಿ ಬಂದ ಪೊಲೀಸ್ ಅಧಿಕಾರಿ ಅದನ್ನು ಗಾಂಜಾ ಎಂದುಕೊಂಡು ಅವನನ್ನು ಜೀಪಿನಲ್ಲಿ ಕೂರಿಸಿದ್ದರು.

“ಪಲ್ಯಾ ಮಾಡೂ ಪುಂಡಿರೀ ಯಪ್ಪಾ,” ಎಂದು ಅವನ ಹೆಂಡತಿ ಕೈಮುಗಿದಳು.

“ಸಿಕ್ಕಿಬಿದ್ದ ಮೇಲೆ ಎಲ್ಲರೂ ಪಲ್ಯ ಅಂತಾನೇ ಹೇಳೋದು,” ಎಂದರು ಅಧಿಕಾರಿ.

ಅವಳು ಫೋನ್ ಮಾಡಿದ್ದರಿಂದಲೇ ನಾನು, ಪೊಲೀಸರ ಪಂಚನಾಮೆ ಮುಗಿಯುವುದರೊಳಗೆ, ಕಲಬುರಗಿಯ ಶಹಾಬಜಾರದ ಮನೆಯಿಂದ ಮೇಡಂ ಅವರನ್ನು ಕಾರಿನಲ್ಲಿ ಕರೆತಂದಿದ್ದೆ. ಅವರು ಬಂದವರೇ ಒಂದು ಎಲೆ ಕಿತ್ತು ಅಗಿದರು.

“ಹುಳಿ ಅದ. ತಿಂದು ನೋಡ್ರಿ, ಸಾಹೇಬ್.”

“ನಾನು ತಿನ್ನಲ್ಲಮ್ಮ.”

“ಯಾಕ, ನಾ ಹಾರಾಡಾಕತ್ತೀನೇನು?”

ಪೇದೆ ನಕ್ಕ. ಅಧಿಕಾರಿ ನಗಲಿಲ್ಲ. ಜೀಪು ಸ್ಟಾರ್ಟ್ ಆಯಿತು. ಮೇಡಂ ಜೀಪಿನ ಮುಂದೆ ಹೋಗಿ ನಿಂತರು.

“ಈ ಸಾಲು ಮುಗಿಯೂತನಾ ತಡೀರಿ. ಒಂದ ಪುಂಡಿ ಹೂ ಸಿಗದಿದ್ರ ನನ್ನನ್ನೂ ಕೂಡಿಸ್ಕೊಂಡು ಹೋಗ್ರಿ.”

ಬರೀ ಮೊಗ್ಗು. ಮೊಣಕಾಲು ನೋವಿದ್ದರೂ ಮೇಡಂ ಒಂದೊಂದೇ ಗಿಡ ಬಗ್ಗಿಸಿ ನೋಡುತ್ತ ನಡೆದರು. ಬೆರಳು ಗೀರಿದ್ದು ಆಗಲೇ. ಕೊನೆಗೆ ನನ್ನ ಬೆನ್ನ ಹಿಂದೆ, ಬಾವಿಯ ಅಂಚಿನಲ್ಲಿ, ಒಂದು ಅರಳಿತ್ತು: ಅಂಗೈ ಅಗಲದ ತೆಳು ಹಳದಿ, ನಡುವೆ ಕಡುಗೆಂಪು. ಅಲ್ಲೇ ನಿಂತಿದ್ದ ನಾನು ನೋಡಿರಲಿಲ್ಲ.

“ಎಲಿ ನೋಡಿ ಹಿಡದೀರಿ. ಹೂ ನೋಡಿ ಬಿಡ್ರಿ.”

ಅಧಿಕಾರಿ ಫೋನಿನಲ್ಲಿ ಗಾಂಜಾ ಹೂವಿನ ಚಿತ್ರ ತೆಗೆದರು. ಈ ಹೂವನ್ನು ಅದರ ಪಕ್ಕ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ತಾವೇ ಹೋಗಿ ಜೀಪಿನ ಬಾಗಿಲು ತೆಗೆದರು.

ಮೇಡಂ ಈ ಬೇಸಿಗೆಯಲ್ಲಿ ತೀರಿಕೊಂಡರು. ನಾನು ಕಂಡದ್ದಿಷ್ಟು. ಕಂಡವರಲ್ಲಿ ನನ್ನ ಸಹಪಾಠಿ ಇದ್ದಾನೆ, ಅವನ ಹೆಂಡತಿ ಇದ್ದಾಳೆ, ಪೇದೆ ಇದ್ದಾನೆ. ಆ ಅಧಿಕಾರಿಯೂ ಇದ್ದಾರೆ. ವರ್ಗವಾಗಿ ಹೋಗುವಾಗ ಆ ಹೊಲದ ಪುಂಡಿ ಬೀಜ ಕೇಳಿ ಒಯ್ದರು.