ಚೀಟಿಯಲ್ಲಿದ್ದ 'ಸಮೀಪ'

ರಸ್ತೆಯ ಮೇಲೆ ಒಣಹಾಕಿದ ಮೆಕ್ಕೆಜೋಳ ಕಂಡರೆ ಈಗಲೂ ನನ್ನ ಎರಡೂ ಕೈಗಳು ಬಸ್ಸಿನ ಮುಂದಿನ ಸೀಟಿನ ಕಂಬಿಯನ್ನು ತಾವಾಗಿ ಹಿಡಿದುಕೊಳ್ಳುತ್ತವೆ. ಮೊನ್ನೆ ಜಗಳೂರಿನಿಂದ ಬರುವಾಗಲೂ ಹೀಗೇ ಆಯಿತು. ಕಂಡಕ್ಟರ್ ನನ್ನ ಮುಖ ನೋಡಿ, "ವಾಂತಿ ಬರಂಗೈತೇನ್ರಿ? ಕಿಟಕಿ ಕಡೆ ಕೂತ್ಕಳ್ರಿ" ಎಂದ. ಹೌದೆಂದು ತಲೆಯಾಡಿಸಿದೆ. ನಿಜ ಹೇಳಲು ಹೊರಟಿದ್ದರೆ ನಾನು ಇಳಿಯುವ ಸ್ಟಾಪು ದಾಟಿಹೋಗುತ್ತಿತ್ತು. ನಿಮಗೆ ಹೇಳುತ್ತೇನೆ.

ನನ್ನ ದೊಡ್ಡಪ್ಪನ ಮಗಳು ಗಿರಿಜಕ್ಕ ಚನ್ನಗಿರಿಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಸೂಜಿಯನ್ನು ಮೂಗಿನ ತುದಿಗೆ ತಂದು ಒಂದೇ ಏಟಿಗೆ ದಾರ ಪೋಣಿಸುವ ಕಣ್ಣು ಅವಳದು. ಸಂತೆಯಲ್ಲಿ ಎದುರಾದವರನ್ನು ಮಾತ್ರ ನೋಡದವಳಂತೆ ಹೋಗಿಬಿಡುತ್ತಿದ್ದಳು. ಸೊಕ್ಕು ಎಂದವರಿದ್ದರು. ನಾನೂ ಒಮ್ಮೆ ಎರಡು ದಿನ ಮುನಿಸಿಕೊಂಡಿದ್ದೆ.

ಹೋದ ವರ್ಷ ಶಾಲೆಯಲ್ಲಿ ಉಚಿತ ಕಣ್ಣಿನ ತಪಾಸಣೆ ನಡೆದಾಗ ಅವಳೂ ಹೋಗಿಬಂದಳು. ಅಲ್ಲಿ ಕೊಟ್ಟ ಚೀಟಿಯಲ್ಲಿ 'ಸಮೀಪದೃಷ್ಟಿ ದೋಷ, ಕನ್ನಡಕ ಬೇಕು' ಎಂದಿತ್ತು.

"ಡಿಗ್ರಿ ಓದಿದೀಯಲ್ಲ, ಏನ್ ಬರ್ದಾರೆ ಹೇಳು" ಎಂದು ಚೀಟಿ ಚಾಚಿದಳು.

ನಾನು ಯೋಚಿಸಲೂ ಇಲ್ಲ. "ಸಮೀಪದ ದೃಷ್ಟಿಯಲ್ಲಿ ದೋಷ. ಹತ್ತಿರದ್ದು ಸರಿಯಾಗಿ ಕಾಣಲ್ಲ ಅಂತ."

ಅಕ್ಕ ನಕ್ಕುಬಿಟ್ಟಳು. "ಹತ್ತಿರದ್ದಾ? ಹಂಗಾದ್ರೆ ಈ ಹುಕ್ಕು, ಕಾಜಾ ಎಲ್ಲ ಅವರಪ್ಪ ಬಂದು ಹಾಕ್ತಾನಾ? ಯಾರದೋ ಚೀಟಿ ನಂಗೆ ಕೊಟ್ಟಾರೆ ಬಿಡು."

ನಾನೂ ನಕ್ಕೆ. ಚೀಟಿ ಗುಂಡಿ ಡಬ್ಬಿಯ ತಳ ಸೇರಿತು.

ಆಮೇಲೊಂದು ಮಧ್ಯಾಹ್ನ, ಹೊಲಿದ ಬಟ್ಟೆ ಕೊಡಲು ಅವಳ ಸ್ಕೂಟಿಯಲ್ಲಿ ನಲ್ಲೂರಿಗೆ ಹೊರಟೆವು. ಅರ್ಧ ರಸ್ತೆಗೆ ಮೆಕ್ಕೆಜೋಳ ಹರವಿ, ಅಂಚಿಗೆ ಕಲ್ಲಿಟ್ಟಿದ್ದರು. ಅರಿಸಿನ ಬಣ್ಣದ ಸೀರೆಯುಟ್ಟ ಅಜ್ಜಿಯೊಬ್ಬಳು ಕಾಲಿನಿಂದ ಕಾಳು ಕೆದರುತ್ತಿದ್ದಳು. ನನಗೆ ಕಾಣುತ್ತಿತ್ತು, ಅಕ್ಕನಿಗೂ ಕಾಣುತ್ತಿದೆ ಎಂದುಕೊಂಡೆ. ಸ್ಕೂಟಿಯ ವೇಗ ತಗ್ಗಲಿಲ್ಲ.

"ಅಕ್ಕಾ, ಅಜ್ಜಿ!"

ಆ ಕ್ಷಣವನ್ನು ಎಷ್ಟು ಸಲ ಹಿಂದಕ್ಕೆ ಎಳೆದು ನೋಡಿದ್ದೇನೋ. ಪ್ರತಿ ಸಲವೂ ತಡವಾಗಿಯೇ ಕಿರುಚುತ್ತೇನೆ. ಚಕ್ರ ಕಲ್ಲಿಗೆ ಬಡಿದು ಕಾಳಿನ ಮೇಲೆ ಜಾರಿತು. ಹ್ಯಾಂಡಲ್ಲು ಅಜ್ಜಿಯ ಸೆರಗನ್ನು ಹರಿದುಕೊಂಡು ಹೋಯಿತು. ಒಂದು ಗೇಣು ಆಚೆಯಾಗಿದ್ದರೆ ಸೆರಗಲ್ಲ, ಅಜ್ಜಿಯೇ. ಮೂವರೂ ನೆಲದಲ್ಲಿದ್ದೆವು.

ಮೊದಲು ಎದ್ದು ಕೂತವಳು ಅಜ್ಜಿ. "ಕಣ್ಣು ಮನ್ಯಾಗೆ ಬಿಟ್ಟು ಬಂದೀಯೇನೇ?"

"ಬರೀ ಹಳದಿ ಕಂಡ್ತಮ್ಮ. ನೀವಿರೋದು ಕಾಣ್ಲಿಲ್ಲ" ಎಂದಳು ಅಕ್ಕ.

ಅಜ್ಜಿಯ ಅಂಗೈಗೆ ಜಲ್ಲಿಯ ಚೂರುಗಳು ನೆಟ್ಟಿದ್ದವು. ಅಕ್ಕ ಆ ಕೈಯನ್ನು ತನ್ನ ಮುಖದ ಹತ್ತಿರಕ್ಕೆ ಎಳೆದುಕೊಂಡು, ಉಗುರಿನ ತುದಿಯಿಂದ ಒಂದೊಂದನ್ನೇ ತೆಗೆದಳು.

"ಹತ್ರ ಇಷ್ಟು ಚೆಂದ ಕಾಣೋ ಕಣ್ಣು, ದೂರಕ್ಕೆ ಹೆಂಗೆ ಸತ್ತೋತೇ?" ಎಂದಳು ಅಜ್ಜಿ.

ಚೀಟಿಯ ಮೇಲಿನ ಪದ ನನಗೆ ಅರ್ಥವಾದದ್ದು ಆಗ.

ದಾವಣಗೆರೆಯ ಕಣ್ಣಿನ ಡಾಕ್ಟರು ಬಿಡಿಸಿ ಹೇಳಿದರು. ಕಣ್ಣುಗುಡ್ಡೆ ತುಸು ಉದ್ದವಾದರೆ ದೂರದ ಬಿಂಬ ಒಳಗಿನ ಪರದೆಯ ಮೇಲೆ ಬೀಳದೆ ಅದರ ಮುಂದೆಯೇ ಮೂಡುತ್ತದೆ. ಸ್ಪಷ್ಟವಾಗಿ ಉಳಿಯುವುದು ಸಮೀಪದ್ದು ಮಾತ್ರ, ಅದಕ್ಕೇ ಆ ಹೆಸರು. ಕನ್ನಡಕ ಹಾಕಬಹುದು. ಕಣ್ಣಿಗೆ ಅಂಟಿಸುವ ಲೆನ್ಸ್ ಇದೆ, ಆದರೆ ದಿನವೂ ಬಹಳ ಶುಚಿ ಬೇಕು. ನಂಬರು ಬದಲಾಗದೆ ನಿಂತಿದ್ದರೆ, ಪರೀಕ್ಷೆ ಮಾಡಿ ಲೇಸರ್ ಕೂಡ ಮಾಡಬಹುದು.

"ಲೇಸರ್ ಮಾಡ್ಸಿದ್ರೆ ಮುಂದೂ ಸೂಜಿ ಪೋಣಿಸಾಕೆ ಬರ್ತೈತಾ?"

ನಲವತ್ತು ದಾಟಿದ ಮೇಲೆ ಹತ್ತಿರದ ಕೆಲಸಕ್ಕೆ ಕನ್ನಡಕ ಬೇಕಾಗಬಹುದು ಎಂದರು ಡಾಕ್ಟರು.

"ಹಂಗಾದ್ರೆ ಈಗ್ಲೇ ಕನ್ನಡಕ ಕೊಡ್ರಿ ಸಾರ್. ಹೊಲಿಯುವಾಗ ತೆಗೆದಿಡ್ತೀನಿ."

ಮನೆಗೆ ಬಂದ ಅಕ್ಕ ಎಲ್ಲರೆದುರು ತನ್ನ ಕಣ್ಣಿಗೇ ಬೈದುಕೊಂಡಳು. ನಾನು ಬಾಯಿ ಬಿಡಲಿಲ್ಲ.

ಮೊನ್ನೆ ಆ ಬಸ್ಸಿಳಿದವಳು ನೇರ ಅವಳ ಅಂಗಡಿಗೆ ಹೋದೆ. ಚಪ್ಪಲಿ ಬಿಡುವ ಮೊದಲೇ ಹೇಳಿದೆ: "ಅಕ್ಕಾ, ಚೀಟಿ ಸರಿಯಾಗೇ ಇತ್ತು. ತಪ್ಪು ಓದಿದ್ದು ನಾನು."

ಅಕ್ಕ ಮಿಷನ್ ನಿಲ್ಲಿಸಿದಳು.

"ಡಾಕ್ಟ್ರು ಹೇಳಿದ ದಿನಾನೇ ಗೊತ್ತಾತು ನಂಗೆ. ನೀನಾಗೇ ಹೇಳ್ತೀಯೇನೋ ಅಂತ ಕಾಯ್ತಿದ್ದೆ."

ಮತ್ತೆ ತುಳಿಯತೊಡಗಿದಳು. ಒಂದು ತೋಳು ಪೂರ್ತಿ ಹೊಲಿದು ದಾರ ಕತ್ತರಿಸಿದ ಮೇಲೆಯೇ, ತಲೆ ಎತ್ತದೆ, "ಕೂತ್ಕ" ಎಂದಳು.