ಎಲ್ಲರ ಹೊಸ ವರ್ಷಕ್ಕೂ ಬಟ್ಟೆ ಹೊಲಿದವರು

ತುಟಿಯ ಎಡ ಮೂಲೆಯಲ್ಲಿ ಸದಾ ನಾಲ್ಕೈದು ಗುಂಡುಸೂಜಿ ಕಚ್ಚಿಕೊಂಡು, ಬಲ ಮೂಲೆಯಿಂದ ಅವರು ಮಾತಾಡುತ್ತಿದ್ದರು. ಮಲಯಾಳ ನಾಡಿನ ಮಟ್ಟಾಂಚೇರಿಯ ಮಸಾಲೆ ಗೋದಾಮುಗಳ ಹಿಂದಿನ ಓಣಿಯಲ್ಲಿ ಅವರ ಹೊಲಿಗೆ ಅಂಗಡಿ. ನಾನು ಹಿನ್ನೀರಿನಾಚೆಯ ಪಾಲಾರಿವಟ್ಟಂನ ಆಫೀಸಿಗೆ ಸೇರಿದ ಹೊಸತು. ಕುಪ್ಪಸದ ಬಟ್ಟೆ ಹಿಡಿದು ಹೋದವಳು ಅವ್ವನ ಜೊತೆ ಫೋನಿನಲ್ಲಿ ಮಾತಾಡುವುದನ್ನು ಕೇಳಿ ಅವರು ಮಷೀನು ನಿಲ್ಲಿಸಿದರು.

“ಗದಗಿನ ಕಡಿಯಾಕಿ ಏನವಾ ನೀ?”

ಬೆರಗಾದೆ. ತಲೆಮಾರುಗಳ ಹಿಂದೆ ಕಚ್ಛ್‌ನಿಂದ ಬಂದು ಇಲ್ಲಿ ನೆಲೆಸಿದ ಮುಸ್ಲಿಂ ಮನೆತನ ಅವರದು. ಹರೆಯದಲ್ಲಿ ಹನ್ನೆರಡು ವರ್ಷ ಹುಬ್ಬಳ್ಳಿಯಲ್ಲಿದ್ದು ಹೊಲಿಗೆ ಕಲಿತವರು. ಅಂದಿನಿಂದ ನನಗವರು ಟೇಲರ್ ಕಾಕಾ.

ಜನವರಿಗೆ ಕ್ರೈಸ್ತರ ಮನೆಯ ಫ್ರಾಕುಗಳು, ಯುಗಾದಿಗೆ ಕೊಂಕಣಿಯವರ ಲಂಗಗಳು, ವಿಷುವಿಗೆ ಮಲಯಾಳಿಗಳದ್ದು, ಅದೇ ವಾರ ತಮಿಳರದ್ದು, ಮಲಯಾಳ ಪಂಚಾಂಗದ ವರ್ಷ ಶುರುವಾಗುವ ಚಿಂಗಂ ತಿಂಗಳ ಮೊದಲ ದಿನಕ್ಕೆ ಮತ್ತೆ ಮಲಯಾಳಿಗಳದ್ದು, ದೀಪಾವಳಿಯ ಮರುದಿನಕ್ಕೆ ಗುಜರಾತಿಗಳದ್ದು. “ಮಂದಿಗೆ ವರ್ಷಕ್ಕೊಂದು ಹೊಸಾ ವರ್ಷ, ನನಗ ಆರು. ಅದಕ್ಕ ಲಗೂನ ಮುದುಕ ಆಗೇನಿ,” ಎನ್ನುತ್ತಿದ್ದರು.

ಒಂದು ವರ್ಷ ಯುಗಾದಿಗೆ ತಿಂಗಳಿರುವಾಗ ಅಪ್ಪ ತೀರಿಕೊಂಡ. ಸಾವಾದ ಮನೆಯಲ್ಲಿ ವರ್ಷವಿಡೀ ಹಬ್ಬವಿಲ್ಲ. ಮೊದಲೇ ಕೊಟ್ಟಿದ್ದ ಬಟ್ಟೆಯನ್ನು ವಾಪಸು ಕೇಳಲು ಹೋದೆ.

“ಹೊಲೀಬ್ಯಾಡ್ರಿ ಕಾಕಾ. ಈ ಸಲ ನಮಗ ಹೊಸಾ ವರ್ಷ ಇಲ್ಲ.”

ಅವರು ಸೂಜಿಗಳನ್ನು ಬಾಯಿಂದ ತೆಗೆದಿಟ್ಟದ್ದನ್ನು ಅಂದೇ ನಾನು ಮೊದಲು ನೋಡಿದ್ದು.

“ಹಬ್ಬ ಇಲ್ಲ ಅನ್ನವಾ. ವರ್ಷ ಇಲ್ಲ ಅನಬ್ಯಾಡ. ನಮ್ಮ ವರ್ಷ ಮೊಹರಂದಾಗ ಶುರು ಆಕ್ಕೈತಿ. ಅದು ದುಃಖದ ತಿಂಗಳು. ನಮ್ಮ ಮನ್ಯಾಗ ಆಗ ಯಾರೂ ಹೊಸಾ ಅರಿವಿ ಹಾಕೂದಿಲ್ಲ, ಮದವಿ ಮಾಡೂದಿಲ್ಲ. ಹಂಗಂತ ವರ್ಷ ಬರೂದು ಬಿಟ್ಟೈತೇನ?”

ಯುಗಾದಿಯ ಬೆಳಿಗ್ಗೆ ಆಫೀಸಿಗೆ ಹೋಗುವ ಮೊದಲು ಬಂದು ಹೋಗೆಂದರು. ಹೋದಾಗ ಕಾಗದದ ಪೊಟ್ಟಣವೊಂದನ್ನು ಎರಡೂ ಕೈಯಲ್ಲಿ ಕೊಟ್ಟರು. “ಬೇವು-ಬೆಲ್ಲ. ಹೋಳಿಗಿ ಬ್ಯಾಡ, ಇಷ್ಟರ ತಿನ್ನು.”

ಬಿಚ್ಚಿದರೆ ಬೆಲ್ಲದ ಜೊತೆ ಕರಿಬೇವು. ತರಕಾರಿ ಅಂಗಡಿಯವನು ತಪ್ಪು ತಿಳಿದು ಕೊಟ್ಟಿದ್ದ, ಇವರ ಕಣ್ಣಿಗೆ ವ್ಯತ್ಯಾಸ ತಿಳಿದಿರಲಿಲ್ಲ. ಸುಮ್ಮನೆ ಬಾಯಿಗೆ ಹಾಕಿಕೊಂಡೆ. ಅವರೂ ಎರಡು ಎಲೆ ಅಗಿದು ತಟ್ಟನೆ ನಿಲ್ಲಿಸಿದರು.

“ಏ, ಇದು ಒಗ್ಗರಣಿ ಸೊಪ್ಪೈತಲ್ಲವಾ!”

ಇಬ್ಬರೂ ನಕ್ಕೆವು. ಅಪ್ಪ ಹೋದಮೇಲೆ ನಾನು ನಕ್ಕದ್ದು ಅದೇ ಮೊದಲು. ನಗುತ್ತಲೇ ಅಳು ಬಂತು, ನಿಲ್ಲಿಸಲಾಗಲಿಲ್ಲ. ಕಾಕಾ ನನ್ನ ಅಳು ಮುಗಿಯುವವರೆಗೆ ಬೆನ್ನು ತಿರುಗಿಸಿ ಮಷೀನಿಗೆ ಎಣ್ಣೆ ಬಿಡುತ್ತ ಕೂತರು.

ಅವರ ಕಣ್ಣು ಮಂಜಾಗಿದೆಯೆಂದು ಗಿರಾಕಿಗಳಿಗೆ ಗೊತ್ತಿರಲಿಲ್ಲ. ಆಮೇಲೆ ಪ್ರತಿ ಶನಿವಾರ ದೋಣಿ ಹತ್ತಿ ಹೋಗಿ, ವಾರಕ್ಕಾಗುವಷ್ಟು ಕೈಸೂಜಿಗಳಿಗೆ ದಾರ ಪೋಣಿಸಿಟ್ಟು ಬರುತ್ತಿದ್ದೆ. ಎರಡು ವರ್ಷ ಹಾಗೆ ನಡೆಯಿತು. ಆಮೇಲೆ ನನಗೆ ತಿರುವನಂತಪುರಕ್ಕೆ ವರ್ಗವಾಯಿತು. ಸೂಜಿಗಳಿಗೆ ಯಾರು ದಾರ ಹಾಕುತ್ತಾರೆಂದು ಕೇಳಲು ಧೈರ್ಯವಾಗದೆ ಫೋನು ಮಾಡುವುದನ್ನೂ ಕಡಿಮೆ ಮಾಡಿದೆ.

ಕಳೆದ ದೀಪಾವಳಿಗೆ ವಾರವಿರುವಾಗ, ತಿರುವನಂತಪುರದ ತಂಪಾನೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಕಾಕಾನ ಹೆಂಡತಿಯ ಫೋನು ಬಂತು. ಕಾಕಾನನ್ನು ಮಣ್ಣು ಮಾಡಿ ಮೂರು ದಿನವಾಗಿತ್ತು. ಅಂಗಡಿಯಲ್ಲಿ ಹೊಲಿಯದೆ ಉಳಿದ ಬಟ್ಟೆಗಳನ್ನು ಯಾರಿಗೆ ಮುಟ್ಟಿಸಬೇಕೆಂದು ತಿಳಿಯುತ್ತಿಲ್ಲ ಎಂದು ಅವರು ಮಲಯಾಳದಲ್ಲಿ ಹೇಳುತ್ತ ಅತ್ತರು. “ಮಗಳೇ, ಚೀಟಿಗಳೆಲ್ಲ ನಿಮ್ಮ ಕನ್ನಡದಲ್ಲಿವೆ.”

ಹುಬ್ಬಳ್ಳಿಯಲ್ಲಿ ಅಳತೆ ಬರೆಯಲು ಕಲಿತ ಕನ್ನಡವನ್ನೇ ಕಾಕಾ ಕೊನೆಯವರೆಗೂ ಬರೆಯುತ್ತಿದ್ದರು. ಮರುದಿನವೇ ಹೋದೆ. ಚೀಟಿ ಓದಿ ಓದಿ, ಇಬ್ಬರೂ ಮನೆ ಮನೆಗೆ ಹೋಗಿ ಬಟ್ಟೆ ಹಿಂದಿರುಗಿಸಿದೆವು.

ಕೊನೆಯದು ಗುಜರಾತಿ ಅಜ್ಜಿಯೊಬ್ಬರ ಮನೆ. ಬಟ್ಟೆಗೆ ಚುಚ್ಚಿದ್ದ ಚೀಟಿಯಲ್ಲಿ ಏನಿದೆಯೆಂದು ಹಿಂದಿಯಲ್ಲಿ ಕೇಳಿದರು. ಎದೆ, ಸೊಂಟದ ಅಳತೆ ಓದಿದೆ. ಕೆಳಗೆ ದೊಡ್ಡ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: “ತೋಳು ಸಡಿಲ ಇರಲಿ. ಅಜ್ಜಿಗೆ ಕೈ ಎತ್ತಿದರ ನೋವು, ಬಾಯಿಬಿಟ್ಟು ಹೇಳಾಂಗಿಲ್ಲ.”

ಅರ್ಥ ಹೇಳಿದೆ. ಅಜ್ಜಿ ತಮ್ಮ ಬಲಭುಜವನ್ನು ಹಿಡಿದುಕೊಂಡರು. ಆಮೇಲೆ ಕಾಕಾನ ಹೆಂಡತಿಯ ಕೈ ಹಿಡಿದು ಒಳಗೆ ಕರೆದು ಕೂರಿಸಿದರು.

“ಬಟ್ಟೆ ಹಾಗೇ ಇರಲಿ,” ಅಂದರು. “ಈ ವರ್ಷ ನಮ್ಮ ಮನೆಯಲ್ಲೂ ಹೊಸತು ಉಡುವುದಿಲ್ಲ.”