ಬಾದಾಮಿಗೆ ಹಾಕಿದ ಹುರುಳಿ

ಹುರುಳಿ ಬೇಯುವ ವಾಸನೆ ಬಂದರೆ ನಾನು ಅಡುಗೆಮನೆಯಿಂದ ಹೊರಗೆ ಬಂದುಬಿಡುತ್ತೇನೆ. ಒದ್ದೆ ಗೋಣಿಚೀಲ, ಮಣ್ಣು, ಸ್ವಲ್ಪ ಬೆಲ್ಲ ಎಲ್ಲ ಸೇರಿದಂಥ ವಾಸನೆ ಅದು. ಅತ್ತೆ ಬಸ್ಸಾರಿಗೆಂದು ಕುಕ್ಕರಿನಲ್ಲಿ ಕಾಳಿಟ್ಟ ದಿನ ಜಯನಗರದ ಈ ಮೂರನೇ ಮಹಡಿಯ ಮನೆ ಪೂರ್ತಿ ತಲಘಟ್ಟಪುರದ ಕುದುರೆಲಾಯ ಆಗುತ್ತದೆ. ಮುಂದೆ ಬರೆಯುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ಲಾಯದ ಬಾಗಿಲು ಹಸಿರೋ ನೀಲಿಯೋ, ಆ ಬೇಸಿಗೆಗೆ ನನಗೆ ಹತ್ತು ತುಂಬಿತ್ತೋ ಹನ್ನೊಂದೋ, ಹೇಳಲಾರೆ. ನನ್ನ ಕೈಯಲ್ಲಿ ಸೇರಿನ ಪಾತ್ರೆ ಇದ್ದದ್ದು ಮಾತ್ರ ಖಂಡಿತ ಎಂದು ಇಷ್ಟು ವರ್ಷ ನಂಬಿದ್ದೆ. ಈಗ ಆ ನೆನಪಿಗೆ ಹೌದೆನ್ನುವವರು ಯಾರೂ ಇಲ್ಲದಿರುವಾಗ ಆ ನಂಬಿಕೆಯೂ ಅಲುಗಾಡುತ್ತಿದೆ.

ಶೀನು ಮಾವ ಅಮ್ಮನ ತಮ್ಮ. ಬ್ಯಾಂಕಿನ ಕೆಲಸ ಬಿಟ್ಟು ತಲಘಟ್ಟಪುರದಲ್ಲಿ ಒಬ್ಬ ರೈತರ ಹೊಲ ಬಾಡಿಗೆಗೆ ಹಿಡಿದು ನಾಲ್ಕು ಗಿಡ್ಡ ಕುದುರೆ ಸಾಕಿದ್ದರು. ಬೇಸಿಗೆ ರಜೆಯಲ್ಲಿ ಸಿಟಿಯ ಮಕ್ಕಳು ಹತ್ತು ದಿನದ ಶಿಬಿರಕ್ಕೆ ಬಂದು ಅಲ್ಲೇ ಉಳಿದು ಸವಾರಿ ಕಲಿಯುತ್ತಿದ್ದರು. ಆಗ ಕನಕಪುರ ರಸ್ತೆಯ ಆ ತುದಿ ಇನ್ನೂ ಹಳ್ಳಿ. ಹೆಂಚಿನ ಮನೆಯ ಹಿಂದೆ ಲಾಯ, ಲಾಯದ ಪಕ್ಕ ಹೊಂಗೆಮರ, ಮರದಡಿ ಮೂರು ಕಲ್ಲಿನ ಒಲೆ. ಆ ಒಲೆ ಕುದುರೆ ನೋಡಿಕೊಳ್ಳುವ ಆಳು ಮುನಿಯಪ್ಪನದು. ಆತ ದಿನಾ ಬೆಳಿಗ್ಗೆ ಹಂಡೆಯಲ್ಲಿ ಹುರುಳಿ ಬೇಯಿಸಿ, ಹಿಡಿ ಉಪ್ಪು ಹಾಕಿ, ಬೆರಳಲ್ಲಿ ಒಂದು ಕಾಳು ಹಿಸುಕಿ ನೋಡಿ, ಆರಿದ ಮೇಲೆಯೇ ಕುದುರೆಗಳ ಮುಂದೆ ಇಡುತ್ತಿದ್ದ. ಹಿಸುಕಿದ ಕಾಳನ್ನು ತಾನೇ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಕುದುರೆಗೆ ಮೊದಲು ಮುನಿಯಪ್ಪನ ನಾಷ್ಟಾ ಎಂದು ಮಾವ ನಗುತ್ತಿದ್ದರು. ಆ ಅಂಗಳದಲ್ಲಿ ಬೆವರು, ತೊಗಲು, ಹುಲ್ಲು, ಹೊಗೆಯ ವಾಸನೆ ಎಷ್ಟು ದಟ್ಟವಾಗಿತ್ತೆಂದರೆ ರಜೆ ಮುಗಿದು ಮನೆಗೆ ಬಂದ ಮೇಲೂ ವಾರಗಟ್ಟಲೆ ನನ್ನ ಜಡೆ ಮೂಸಿಕೊಳ್ಳುತ್ತಿದ್ದೆ. ನಿಮಗೂ ಇಂಥ ಒಂದು ಅಂಗಳ ಇದ್ದಿರಬಹುದು, ಈಗ ವಿಳಾಸವಿಲ್ಲದ್ದು.

ನಾನು ಅಲ್ಲಿಗೆ ಒಂದು ಚೀಲ ಪುಸ್ತಕ ಒಯ್ಯುತ್ತಿದ್ದೆ, ಜಯನಗರದ ಬಾಡಿಗೆ ಲೈಬ್ರರಿಯಿಂದ ತಂದ ಇಂಗ್ಲಿಷ್ ಕುದುರೆಕತೆಗಳು. ಎಲ್ಲದರಲ್ಲೂ ಒಬ್ಬ ಹುಡುಗಿ, ಒಂದು ರಜೆ, ಯಾರಿಗೂ ಬೇಡದ ಒಂದು ಗಿಡ್ಡ ಕುದುರೆ, ಪೋನಿ. ಕೊನೇ ಅಧ್ಯಾಯದಲ್ಲಿ ಪಂದ್ಯ, ರಿಬ್ಬನ್ನು. ಮಾವನ ಮಗಳು ವಸುಧಾ ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದಳು, ಹಾಗಾಗಿ ಮಧ್ಯಾಹ್ನ ಹೊತ್ತು ನಾನೇ ಅವಳಿಗೆ ಕನ್ನಡದಲ್ಲಿ ಹೇಳಬೇಕಿತ್ತು. ಮುನಿಯಪ್ಪನೂ ಬೀಡಿ ಹಚ್ಚಿ ಕೂತು ಕೇಳುತ್ತಿದ್ದ. "ಇಂಗ್ಲಿಷ್ ಮೇಡಮ್ಮೋರೆ, ನಿಮ್ಮ ಬುಕ್ಕಲ್ಲಿ ಕುದುರೆ ಲದ್ದಿ ಹಾಕಲ್ವಾ?" ಎಂದು ಒಮ್ಮೆ ಕೇಳಿದ. ಹಾಕುತ್ತೆ, ಆದರೆ ಆ ಹುಡುಗಿಯರು ಅದನ್ನು ನಗುನಗುತ್ತಾ ಎತ್ತುತ್ತಾರೆ ಎಂದೆ. ವಸು ಬಿದ್ದು ಬಿದ್ದು ನಕ್ಕಳು.

ನನ್ನ ಪೋನಿ ಬಾದಾಮಿ, ಬಾದಾಮಿ ಹಾಲಿನ ಬಣ್ಣದ್ದು. ವಯಸ್ಸಾಗಿತ್ತು, ನಾಲ್ಕು ಹೆಜ್ಜೆ ಓಡಿದರೆ ನಿಂತು ಹುಲ್ಲಿಗೆ ಬಾಯಿ ಹಾಕುತ್ತಿತ್ತು. ಶಿಬಿರದ ಕೊನೇ ದಿನ ಅಪ್ಪ ಅಮ್ಮಂದಿರ ಎದುರು ಸುಣ್ಣದ ಗೆರೆಯ ಸುತ್ತ ಚಮಚದಲ್ಲಿ ನಿಂಬೆಹಣ್ಣು ಹಿಡಿದು ಸವಾರಿ ಮಾಡುವ ಪಂದ್ಯ ಇರುತ್ತಿತ್ತು. ಹಿಂದಿನ ಎರಡು ವರ್ಷವೂ ನಾನೇ ಕೊನೆಯವಳು. ಆ ಸಲ ಓದಿದ ಪುಸ್ತಕದಲ್ಲಿ ಹುಡುಗಿ ಪಂದ್ಯದ ಹಿಂದಿನ ದಿನ ಯಾರಿಗೂ ಹೇಳದೆ ಕಾಳಿನ ಪೆಟ್ಟಿಗೆ ತೆರೆದು ತನ್ನ ಬಡಕಲು ಪೋನಿಗೆ ಒಣ ಓಟ್ಸ್ ಹಾಕುತ್ತಾಳೆ, ಮರುದಿನ ಅದು ಗಾಳಿಯಂತೆ ಓಡುತ್ತದೆ. ಆಗ ನಮ್ಮ ಯಾರ ಮನೆಯಲ್ಲೂ ಓಟ್ಸ್ ಇರಲಿಲ್ಲ. ಕುದುರೆ ತಿನ್ನುವ ಕಾಳು ಅಂದರೆ ನನಗೆ ಒಂದೇ. ಪುಸ್ತಕದಲ್ಲಿ ಯಾರೂ ಏನನ್ನೂ ಬೇಯಿಸುತ್ತಿರಲಿಲ್ಲ. ಮುನಿಯಪ್ಪ ಊಟ ಮಾಡಿ ಹೊಂಗೆಮರದಡಿ ಮಲಗಿದ್ದಾಗ ನಾನು ಮೂರು ಸೇರು ಒಣ ಹುರುಳಿ ಅಳೆದು ಬಾದಾಮಿಯ ಮುಂದೆ ಸುರಿದೆ. ಬಾಗಿಲಲ್ಲಿ ವಸು ನಿಂತಿದ್ದಳು. ಬಾದಾಮಿ ಕಟಕಟ ಅಗಿಯುವ ಸದ್ದಿಗೆ ನನಗೆ ಎಂಥ ಖುಷಿಯಾಗಿತ್ತು.

ಸಂಜೆಗೆ ಬಾದಾಮಿ ಕಾಲು ಕೆರೆಯತೊಡಗಿತು. ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡಿತು, ಮಲಗಿತು, ಎದ್ದಿತು, ನೀರು ಕುಡಿಯಿತು, ಮತ್ತೆ ಮಲಗಿ ಹೊರಳಿತು. ಮುನಿಯಪ್ಪ ಹಗ್ಗ ಹಿಡಿದು ಅಂಗಳದ ಸುತ್ತ ನಡೆಸಿದ, ನಿಲ್ಲಿಸಲೇ ಇಲ್ಲ. ಡಾಕ್ಟರು ಬಂದು ಬಾನಿಯಲ್ಲಿ ಉಳಿದಿದ್ದ ಕಾಳು ಎತ್ತಿ ನೋಡಿ, ಒಣ ಕಾಳು ತಿಂದಿದೆ, ಒಳಗೆ ಉಬ್ಬಿಕೊಂಡಿದೆ, ಕುದುರೆಗೆ ವಾಂತಿಯೂ ಆಗಲ್ಲ ಎಂದರು. ಬೆಳಿಗ್ಗೆ ಅಪ್ಪ ಅಮ್ಮಂದಿರ ವ್ಯಾನುಗಳು ಬರುವ ಮೊದಲೇ ಬಾದಾಮಿಯ ಮೇಲೆ ಟಾರ್ಪಾಲು ಹೊದಿಸಿದ್ದರು.

ಮಾವ ಎಲ್ಲರನ್ನೂ ಲಾಯದ ಮುಂದೆ ಕರೆದರು. ನನ್ನ ಮೇಲೆ ಹಿಂದಿನ ದಿನದ ಫ್ರಾಕೇ ಇತ್ತು, ಜೇಬಿನ ಅಂಚಿಗೆ ನಾಲ್ಕು ಕಾಳು ಸಿಕ್ಕಿಕೊಂಡಿದ್ದವು. ಮಾವ ನನ್ನ ಮುಂದೆ ಬಗ್ಗಿ ಅಂಗೈಯಿಂದ ಆ ಜೇಬನ್ನು ಕೊಡವಿದರು. ಕಾಳು ನೆಲಕ್ಕೆ ಬಿದ್ದವು. "ಒಳಗೆ ಹೋಗಿ ಕೈಕಾಲು ತೊಳ್ಕೊ, ಪುಟ್ಟಿ" ಎಂದರು. ನಾನು ಹೋದೆ. ಬಚ್ಚಲಿನ ಕಿಟಕಿಯಿಂದ ಮುನಿಯಪ್ಪನ ದನಿ ಕೇಳಿಸಿತು.

"ಸಾರ್, ಹುಟ್ಟಿದಾಗಿಂದ ಕುದುರೆ ಜೊತೆಗಿದೀನಿ. ಬೇಯಿಸದೆ ಹಾಕ್ತೀನಾ?"

ಮಾವ ಏನೆಂದರೋ ಕೇಳಿಸಲಿಲ್ಲ, ಅಥವಾ ನಾನು ನಲ್ಲಿ ಬಿಟ್ಟೆ. ಹೊರಗೆ ಬಂದಾಗ ಆತ ತನ್ನ ಚಾಪೆ ಸುತ್ತಿಕೊಂಡು ಗೇಟು ದಾಟುತ್ತಿದ್ದ. ಹೋಗುವ ಮೊದಲು ಒಲೆಯ ಕೆಂಡಕ್ಕೆ ನೀರು ಹಾಕಿದ್ದ.

ಆಗಲೇ ನನಗೆ ಡೈರಿ ಬರೆಯುವ ಅಭ್ಯಾಸವಿತ್ತು. ಆ ದಿನದ ಪುಟ ಇನ್ನೂ ನನ್ನ ಹತ್ತಿರ ಇದೆ, ದುಂಡಗಿನ ಅಕ್ಷರದಲ್ಲಿ: "ಬಾದಾಮಿ ಸತ್ತುಹೋಯಿತು. ಮುನಿಯಪ್ಪನ ತಪ್ಪು." ನೆನಪನ್ನು ನಂಬಬಾರದು, ಬರೆದಿಟ್ಟದ್ದನ್ನು ನಂಬಬೇಕು ಎಂದು ವಿಶ್ವವಿದ್ಯಾಲಯದಲ್ಲಿ ಕಲಿತವಳು ನಾನು. ಬರೆದಿಟ್ಟದ್ದು ಇದು.

ಮುಂದಿನ ಬೇಸಿಗೆಗೆ ಶಿಬಿರ ನಡೆಯಲಿಲ್ಲ. ಮಾವ ಉಳಿದ ಮೂರನ್ನೂ ಮಾರಿದರು. ಕಳೆದ ವರ್ಷ ಮೆಟ್ರೋ ಇಳಿದು ನಡೆದುಕೊಂಡು ಹೋದೆ. ಹೊಲದ ಮೇಲೆ ಅಪಾರ್ಟ್‌ಮೆಂಟು, ಹೊಂಗೆಮರದ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ. ಎದುರಿನ ಹಾರ್ಡ್‌ವೇರ್ ಅಂಗಡಿಯವರು ಆ ಹೊಲದ ರೈತರ ಮಗ. ಮುನಿಯಪ್ಪನ ಹೆಸರು ಹೇಳಿದೆ. "ತೀರ್ಕೊಂಡು ಬಹಳ ವರ್ಷ ಆಯ್ತು ಮೇಡಂ. ಆ ಕುದುರೆ ಸತ್ತಮೇಲೆ ಯಾರೂ ಕುದುರೆ ಕೆಲಸಕ್ಕೆ ಸೇರಿಸ್ಕೊಳ್ಳಲಿಲ್ಲ. ಕೊನೆಕೊನೆಗೆ ಇಲ್ಲೇ ಕೂತು, ನಾನು ಬೇಯಿಸೇ ಹಾಕಿದ್ದೆ, ಬೇಯಿಸೇ ಹಾಕಿದ್ದೆ ಅಂತ ಹೋಗೋರು ಬರೋರಿಗೆಲ್ಲ ಹೇಳ್ತಿದ್ದ," ಎಂದರು. ನೀವು ಯಾರು ಎಂದು ಅವರು ಕೇಳಿದರು. ಸುಮ್ಮನೆ ಬಂದೆ ಎಂದೆ.

ವಸು ಈಗ ಸುಬ್ರಹ್ಮಣ್ಯಪುರದಲ್ಲಿದ್ದಾಳೆ, ಮಾವ ಅವಳ ಜೊತೆಗೇ. ಫೋನಿನಲ್ಲಿ ಎಲ್ಲ ಹೇಳಿದಾಗ ಅವಳು, "ಅದು ಮುದಿ ಕುದುರೆ ಕಣೇ, ಸತ್ತುಹೋಯ್ತು. ನೀನು ಕತೆ ಓದಿ ಓದಿ ಹಿಂಗಾಗಿದೀಯ," ಎಂದಳು. ಬಾಗಿಲಲ್ಲಿ ನಿಂತಿದ್ದು ಅವಳಿಗೆ ನೆನಪೇ ಇಲ್ಲವಂತೆ. ಹಾಗಾಗಿ ಒಂದು ಭಾನುವಾರ ಮಾವನನ್ನೇ ಕೇಳಲು ಹೋದೆ. ಮಾವ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಒಂದು ಹಿಡಿ ತೆಗೆದುಕೊಂಡು ಪಕ್ಕದಲ್ಲಿ ಕೂತೆ. ನನ್ನ ಮಾತು ಮುಗಿದ ಮೇಲೂ ಅವರ ಕೈ ನಿಲ್ಲಲಿಲ್ಲ. ತಟ್ಟೆ ತುಂಬಿತು, ವಸು ಬಂದು ಒಯ್ದಳು, ಅವರು ಖಾಲಿ ತೊಡೆಯನ್ನು ಅಂಗೈಯಿಂದ ಕೊಡವಿಕೊಂಡು ಟಿವಿ ಕಡೆ ತಿರುಗಿದರು. ಆಮೇಲೆ ಎರಡು ಸಲ ಹೋಗಿಬಂದಿದ್ದೇನೆ. ಊಟ ಮಾಡ್ಕೊಂಡು ಹೋಗು ಎಂದು ಹೇಳುತ್ತಾರೆ, ಅಷ್ಟೇ. ನಾನು ಕೇಳಿದ್ದು ಇಷ್ಟು:

"ಮಾವ, ನನ್ನ ಜೇಬಲ್ಲಿದ್ದ ಕಾಳು ನಿಮಗೆ ಕಂಡಿತ್ತಾ? ಕಂಡ ಮೇಲೂ ಮುನಿಯಪ್ಪನ್ನ ಕಳಿಸಿಬಿಟ್ರಾ?"